ಹೆಬ್ಬಾಳದ ಕಾರು

ಆ ಕಾರಿನ ಮಾತೆತ್ತಿದರೆ ಇವತ್ತಿಗೂ ನಾನು ತಲೆ ತಗ್ಗಿಸ್ತೀನಿ. ಅರವತ್ತೆರಡನೇ ಇಸವಿ. ವೆಂಕಟರಾಮಯ್ಯನವರು ಮಾರೋಕಿಟ್ಟಿದ್ದ ಕಾರು ನೋಡೋಕೆ ಅವ್ವನ ಜೊತೆ ಹೆಬ್ಬಾಳಕ್ಕೆ ಹೋಗಿದ್ದೆ. ಅವರು ಬೀಗದಕೈ ತರೋಕೆ ಒಳಗೆ ಹೋದಾಗ ಅವ್ವನ ಮೇಲೆ ರೇಗಿದೆ.

"ಆ ಕೆಸರು ಚಪ್ಪಲಿ ಬಿಟ್ಟು ಹತ್ತು, ಮಾನ ಕಳೀಬೇಡ!"

ಅವ್ವ ಅಲ್ಲೇ ಗೇಟಿನ ಹತ್ರ ಬಿಟ್ಟು ಹತ್ತಿದಳು.

ವೆಂಕಟರಾಮಯ್ಯನವರು ಬಂದು ಪಕ್ಕದಲ್ಲಿ ಕೂತರು, ನಾನೇ ಓಡಿಸಿದೆ. ಸೀಟು ಮೆತ್ತಗಿತ್ತು, ಏರಿನಲ್ಲೂ ಇಂಜಿನ್ ಮುಗ್ಗರಿಸಲಿಲ್ಲ. ರೇಡಿಯೋ ಹಾಕಿದೆ. ಹಿಂದಿನಿಂದ ಅವ್ವ, "ಮಗಾ, ನನ್ನ..." ಅಂದಳು.

"ಸುಮ್ನಿರವ್ವ, ರೇಡಿಯೋ ಕೇಳ್ಬೇಕು!"

ಮಟಮಟ ಮಧ್ಯಾಹ್ನ ಯಲಹಂಕದಲ್ಲಿ ಕಾಫಿಗೆ ಇಳಿದೆವು. ಕಾದ ಡಾಂಬರಿನ ಮೇಲೆ ಅವ್ವ ಕಾಲು ಎತ್ತೆತ್ತಿ ಇಡುತ್ತಿದ್ದಳು.

"ಚಪ್ಪಲಿ ಎಲ್ಲಮ್ಮಾ?" ಅಂದರು ವೆಂಕಟರಾಮಯ್ಯ.

ಅವ್ವ ನನ್ನ ಕಡೆ ನೋಡಲೇ ಇಲ್ಲ.

"ನಾನು ಚಪ್ಪಲಿ ಆಕೊಳ್ಳೋದೇ ಇಲ್ಲ ಸ್ವಾಮಿ."