ವಾಪಸ್ ಕೊಡಬಾರದ ಮಡಕೆ

ನಾನು ಒಂದು ಮಡಕೆ. ಅನ್ನ ಮಾಡುವ ಮಡಕೆಯಲ್ಲ, ನೀರು ತುಂಬಿಡುವ ಮಡಕೆಯೂ ಅಲ್ಲ. ಕಷಾಯ ಕುದಿಸುವ ಮಡಕೆ. ಮೈ ಕಪ್ಪು, ಹೊಟ್ಟೆ ದುಂಡು, ಒಂದು ಪಕ್ಕಕ್ಕೆ ಗಿಡ್ಡ ಹಿಡಿ, ಇನ್ನೊಂದು ಪಕ್ಕಕ್ಕೆ ಗುಬ್ಬಿಯ ಕೊಕ್ಕಿನಂಥ ಮೂತಿ. ಚೀನಾ ದೇಶದ ದಕ್ಷಿಣದಲ್ಲೊಂದು ಕುಂಬಾರಗೇರಿ. ಅಲ್ಲಿ ಮರಳು ಬೆರೆಸಿದ ಮಣ್ಣಿನಿಂದ ನನ್ನನ್ನು ಮಾಡಿದರು. ಮಣ್ಣು ತುಳಿದವಳು ಹೆಂಗಸು, ತಟ್ಟಿದವಳು ಹೆಂಗಸು, ಆವಿಗೆಯ ಬಿಸಿಗೆ ಹುಬ್ಬು ಸುಟ್ಟುಕೊಂಡವಳೂ ಅವಳೇ. ಸಂತೆಯಲ್ಲಿ ನನ್ನನ್ನು ಎತ್ತಿ ತೋರಿಸಿ, 'ನಮ್ಮ ಕೈಯ ಕೆಲಸ' ಎಂದವನು ಮಾತ್ರ ಗಂಡಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಕಂಡಿದ್ದರಲ್ಲೂ ಹೆಚ್ಚಿನದು ಇದೇ ಕಥೆ.

ಫುಯಿ-ಯಿನ್ ಎಂಬ ಮದುವಣಗಿತ್ತಿಯ ಪೆಟ್ಟಿಗೆಯಲ್ಲಿ, ಹತ್ತಿಯ ಹಚ್ಚಡದೊಳಗೆ ಮುದುರಿಕೊಂಡು ನಾನು ಹಡಗು ಹತ್ತಿದೆ. ಕಲಕತ್ತೆಯಲ್ಲಿ ಇಳಿದು, ರೈಲಿನಲ್ಲಿ ಬೆಂಗಳೂರಿಗೆ ಬಂದೆ. ಶಿವಾಜಿನಗರದ ಓಣಿಯೊಂದರಲ್ಲಿ ಅವಳ ಗಂಡನ ಬೂಟಿನ ಅಂಗಡಿ. ಅಂಗಡಿಯ ಹಿಂದಿನ ಅಡುಗೆಮನೆಯೇ ನನ್ನ ಮೊದಲ ಮನೆ.

ನನಗೊಂದು ಕಟ್ಟಳೆ ಇದೆ. ಅದನ್ನು ಫುಯಿ-ಯಿನ್ ತನ್ನ ತಾಯಿಯಿಂದ ಕಲಿತು ತಂದಿದ್ದಳು. ಕಾಯಿಲೆ ಬಿದ್ದವರು ನನ್ನನ್ನು ಕೇಳಿ ಒಯ್ಯಬಹುದು, ಆದರೆ ವಾಪಸ್ ತಂದು ಕೊಡಬಾರದು. ತಂದರೆ ಕಾಯಿಲೆಯನ್ನೇ ತಂದು ಬಾಗಿಲಲ್ಲಿ ಇಟ್ಟ ಹಾಗೆ. ವಾಸಿಯಾದ ಮೇಲೂ ನಾನು ಅವರ ಮನೆಯಲ್ಲೇ ಇರಬೇಕು. ಇನ್ನೊಬ್ಬರಿಗೆ ಬೇಕಾದಾಗ ಅವರೇ ಆ ಮನೆಗೆ ಬಂದು, 'ನನಗೆ ಹುಷಾರಿಲ್ಲ, ಮಡಕೆ ಕೊಡಿ' ಎಂದು ಬಾಯಿಬಿಟ್ಟು ಕೇಳಬೇಕು. ಕಷಾಯ ಸೋಸಿ ಉಳಿದ ಚರಟವನ್ನು ದಾರಿಗೆ ಸುರಿಯಬೇಕು. ಹೋಗಿ ಬರುವವರ ಕಾಲಡಿಯಲ್ಲಿ ಕಾಯಿಲೆ ತುಳಿದುಹೋಗಲಿ ಅಂತ.

ಇದು ಸತ್ಯವೋ ಮೂಢನಂಬಿಕೆಯೋ ಎಂದು ನನ್ನನ್ನು ಕೇಳಬೇಡಿ. ನನಗೆ ಗೊತ್ತಿರುವುದು ಇಷ್ಟೇ: 'ನನಗೆ ಹುಷಾರಿಲ್ಲ' ಎಂಬ ಎರಡು ಪದ ಹೆಂಗಸಿನ ಬಾಯಿಂದ ಹೊರಡಬೇಕಾದರೆ, ನನ್ನ ಹೊಟ್ಟೆಯಲ್ಲಿ ಬೇರು ಬೇಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಅರವತ್ತೆರಡರಲ್ಲಿ ಗಡಿಯಲ್ಲಿ ಯುದ್ಧವಾಯಿತು. ಫುಯಿ-ಯಿನ್ ಮತ್ತು ಅವಳ ಗಂಡ ವಾರ ವಾರ ಪೊಲೀಸ್ ಠಾಣೆಗೆ ಹೋಗಿ ಮುಖ ತೋರಿಸಿ ಬರಬೇಕಾಯಿತು. ಬೂಟು ಕೊಳ್ಳುವವರು ಬೇರೆ ಅಂಗಡಿ ಹುಡುಕಿಕೊಂಡರು. ನನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಮಣ್ಣಿಗೂ ಯಾವ ದೇಶದ್ದು ಎಂದು ಕೇಳುತ್ತಾರೆ ಅಂತ ನನಗೆ ತಿಳಿದದ್ದು ಆಗ. ಎಂಟು ತಿಂಗಳು ತಣ್ಣಗೆ ಕೂತೆ. ಒಂದು ಮಧ್ಯಾಹ್ನ ಹಿಂದಿನ ಓಣಿಯ ಬಳೆಗಾರ್ತಿ ಅಲಮೇಲು ಸೊಂಟ ಹಿಡಿದುಕೊಂಡು ಒಳಗೆ ಬಂದಳು. ಹೆತ್ತು ಇಪ್ಪತ್ತು ದಿನವಾಗಿತ್ತು.

"ರೀ ಚೀನಮ್ಮ, ನಿಮ್ ದೇಶ ನಮ್ ದೇಶ ಆಮೇಲೆ ನೋಡ್ಕೊಳೋಣ. ಹೊಟ್ಟೆ ಕಿತ್ಕೊಂಡ್ ಬರ್ತಿದೆ. ಆ ಕರೀ ಮಡಕೆ ಕೊಡಿ."

ಫುಯಿ-ಯಿನ್ ಅತ್ತಳು. ಅಳುತ್ತಲೇ ನನ್ನನ್ನು ಉಜ್ಜಿದಳು.

ಕಾಲ ಉರುಳಿತು. ಫುಯಿ-ಯಿನ್ ಹೋದಳು, ಬೂಟಿನ ಅಂಗಡಿಯೂ ಹೋಯಿತು. ಕೇಳಿದವರ ಮನೆಮನೆ ಸುತ್ತಿ, ಕೊನೆಗೆ ನಾನು ಅವಳ ಮೊಮ್ಮಗಳು ಲಿಯೆನ್‌ಗೆ ಬಂದೆ. ಲಿಯೆನ್ ಹುಟ್ಟಿದ್ದು ಬೆಂಗಳೂರಲ್ಲೇ, ಬೈಯುವುದೂ ಕನ್ನಡದಲ್ಲೇ. ಅಕ್ಯುಪಂಕ್ಚರ್ ಕಲಿತು, ಪೀಣ್ಯದ ಹತ್ತಿರದ ಒಂದು ವಠಾರದ ಮುಂಕೋಣೆಯನ್ನು ಬಾಡಿಗೆಗೆ ಹಿಡಿದಿದ್ದಳು. ಸುತ್ತ ಗಾರ್ಮೆಂಟ್ ಫ್ಯಾಕ್ಟರಿಗಳು. ವಠಾರದ ಹೆಂಗಸರೆಲ್ಲ ಬೆಳಗ್ಗೆ ಎಂಟಕ್ಕೆ ಅವುಗಳೊಳಗೆ ಹೋಗಿ, ಸಂಜೆ ಆರಕ್ಕೆ ಹಿಂಡಿದ ಬಟ್ಟೆಯ ಹಾಗೆ ಹೊರಗೆ ಬರುವವರು. ಅವರ ಬಾಯಲ್ಲಿ ಅವಳು ಲಿಯೆನಕ್ಕ ಆದಳು.

ನನ್ನ ಜಾಗ ಅವಳ ಮಂಚದ ಪಕ್ಕದ ಕೆಳಗಿನ ಗೂಡು. ಅಲ್ಲಿಂದ ನನಗೆ ಮೊದಲು ಕಾಣುತ್ತಿದ್ದದ್ದು ಪಾದಗಳು. ಹಿಮ್ಮಡಿ ಒಡೆದ ಪಾದಗಳು, ಮೆಷಿನ್ ತುಳಿದು ತುಳಿದು ಬಲಗಡೆ ಮಾತ್ರ ದಪ್ಪವಾದ ಪಾದಗಳು. ಲಿಯೆನಕ್ಕ ಕಣಕಾಲಿನ ಒಳಗಂಟಿನಿಂದ ನಾಲ್ಕು ಬೆರಳು ಮೇಲಕ್ಕೆ ಅಳೆದು ಕೂದಲೆಳೆಯಂಥ ಸೂಜಿ ಚುಚ್ಚುತ್ತಿದ್ದಳು. ಒಣಗಿಸಿದ ಮಾಚಿಪತ್ರೆಯ ಸುರುಳಿಗೆ ಕಿಡಿ ಹಚ್ಚಿ, ಹೊಕ್ಕುಳ ಕೆಳಗೆ ತಾಗದ ಹಾಗೆ ಹಿಡಿದು ಶಾಖ ಕೊಡುತ್ತಿದ್ದಳು.

"ಅಯ್ಯೋ, ಹೂವಿನ ಜೊತೆ ಕಟ್ಟಿ ಮುಡ್ಕೊಳೋ ಮಾಚಿಪತ್ರೆನಾ ಇದು? ನಿಮ್ಮೋರು ಸುಡ್ತಾರಾ?" ಎಂದು ಬೆರಗಾದವಳು ಜುಬೇದಾ. ಕಾಲರ್ ಹೊಲಿಯುವವಳು, ವಠಾರದಲ್ಲಿ ಅವಳಷ್ಟು ಉದ್ದದ ನಾಲಿಗೆ ಯಾರಿಗೂ ಇರಲಿಲ್ಲ. ಸೂಜಿ ಕಂಡಾಗ ಇನ್ನೊಂದು ಮಾತು: "ಫ್ಯಾಕ್ಟ್ರಿಲಿ ಸೂಜಿ ಬೆರಳಿಗೆ ಹೊಕ್ರೆ ಬೈತಾರೆ. ನೀವು ಚುಚ್ಚಿ ಮಲಗು ಅಂತೀರ. ಇದೇ ವಾಸಿ."

ತಿಂಗಳ ನೋವಿಗೆಂದು ನನ್ನನ್ನು ಮೊದಲು ಒಯ್ದವಳು ಜುಬೇದಾ. ಅವಳಿಗೆ ನೋವು ಇಳಿಯಿತು. ಕಟ್ಟಳೆಯಂತೆ ನಾನು ಅವಳ ಮನೆಯ ಒಲೆಕಟ್ಟೆಯ ಮೇಲೇ ಉಳಿದೆ.

ಅಲ್ಲಿಗೆ ಚಿಕ್ಕತಾಯಿ ಬಂದಳು. ಮಾಗಡಿ ಕಡೆಯವಳು, ಮೂವತ್ತು ವಯಸ್ಸು, ಎರಡು ಮಕ್ಕಳ ತಾಯಿ, ಫ್ಯಾಕ್ಟರಿಯಲ್ಲಿ ಜುಬೇದಾಳ ಲೈನಿನಲ್ಲೇ ಅಂಗಿಯ ಕಫ್ ಹೊಲಿಯುವವಳು. ಮೊದಲ ಸಲ ಬಂದು ಕರಿಬೇವು ಕೇಳಿದಳು. ಎರಡನೇ ಸಲ ಬೆಂಕಿಪೊಟ್ಟಣ. ಮೂರನೇ ಸಲ ಬಂದು ಏನೂ ಕೇಳದೆ ಹೊಸ್ತಿಲಲ್ಲಿ ನಿಂತಳು.

"ಏನೇ, ಇವತ್ತು ಉಪ್ಪಾ?" ಎಂದಳು ಜುಬೇದಾ.

"ಅಲ್ಲ ಜುಬೇದಕ್ಕ. ನನಗೆ... ಹುಷಾರಿಲ್ಲ. ಆ ಮಡಕೆ ಬೇಕಿತ್ತು."

ಜುಬೇದಾ ಕರೆದಾಗ ಲಿಯೆನಕ್ಕ ಬಂದು ಚಿಕ್ಕತಾಯಿಯ ನಾಡಿ ನೋಡಿದಳು, ನಾಲಿಗೆ ನೋಡಿದಳು, ಬಹಳ ಹೊತ್ತು ಮಾತಾಡಿಸಿದಳು. ಕೆಳಹೊಟ್ಟೆಯಲ್ಲಿ ನೋವು, ಮೂತ್ರಕ್ಕೆ ಹೋದರೆ ಉರಿ, ತಿಂಗಳಲ್ಲಿ ಹತ್ತು ದಿನ ಸೊಂಟ ಸೆಟೆದುಕೊಳ್ಳುವುದು.

"ನೋವಿಗೆ ಸೂಜಿ ಹಾಕ್ತೀನಿ. ಶುಂಠಿ, ಒಣಗಿದ ಎಲಚಿಹಣ್ಣು, ಇನ್ನೊಂದೆರಡು ಬೇರು ಕೊಡ್ತೀನಿ, ಕುದಿಸಿ ಕುಡಿ. ಆದ್ರೆ ಒಳಗೆ ಏನಿದೆ ಅಂತ ನನಗೆ ಕಾಣಲ್ಲ. ದೊಡ್ಡಾಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸ್ಕೊಂಡು ಬಾ."

"ಹೂಂ ಅಕ್ಕ" ಎಂದಳು ಚಿಕ್ಕತಾಯಿ. ರಜೆ ಯಾರು ಕೊಡುತ್ತಾರೆ ಎಂದು ಮಾತ್ರ ಹೇಳಲಿಲ್ಲ.

ಎರಡು ತಿಂಗಳು ಅವಳ ಒಲೆಯ ಮೇಲೆ ಕುದ್ದೆ. ಸೆಟೆತ ಸಡಿಲವಾಯಿತು, ಅವಳು ನೆಟ್ಟಗೆ ಮಲಗಿ ನಿದ್ದೆ ಮಾಡುವಂತಾಯಿತು. ಉರಿ ಹೋಗಲಿಲ್ಲ. ಕೆಳಹೊಟ್ಟೆಯ ನೋವು ಪೂರ್ತಿ ಬಿಡಲಿಲ್ಲ. ನಾನು ನನ್ನ ಕೈಲಾದದ್ದು ಮಾಡಿದೆ. ಮಾಡಲಾಗದ್ದನ್ನು ಮಾಡಿದೆ ಎಂದು ಜಂಬ ಕೊಚ್ಚಲಾರೆ.

ಒಂದು ಗುರುವಾರ ಸಂಜೆ ಚಿಕ್ಕತಾಯಿ ನನ್ನನ್ನು ಬೂದಿ ಹಾಕಿ ತಿಕ್ಕಿದಳು, ತೊಳೆದಳು, ಸೆರಗಿನಿಂದ ಒರೆಸಿದಳು. ನನ್ನ ಹೊಟ್ಟೆಗೆ ಒಂದು ಬೆಲ್ಲದ ಉಂಡೆ ಹಾಕಿದಳು. ಎತ್ತಿಕೊಂಡು ನೆಟ್ಟಗೆ ಲಿಯೆನಕ್ಕನ ಕೋಣೆಗೆ ಬಂದು ಮೇಜಿನ ಮೇಲೆ ಇಟ್ಟಳು. ಜುಬೇದಾ ಅಲ್ಲೇ ಮಂಚದ ಮೇಲೆ, ಕಾಲಿಗೆ ಸೂಜಿ ಹಾಕಿಸಿಕೊಂಡು ಮಲಗಿದ್ದಳು.

ಲಿಯೆನಕ್ಕನ ಮುಖ ಬಿಳಿಚಿತು. ಎಷ್ಟು ಓದಿದರೂ ಅಜ್ಜಿ ಹೇಳಿದ್ದು ರಕ್ತದಲ್ಲಿ ಇರುತ್ತದಲ್ಲ.

"ಇದನ್ನ ಯಾಕೆ ತಂದೆ? ವಾಪಸ್ ತರಬಾರ್ದು ಅಂತ ಹೇಳಿರಲಿಲ್ವಾ?"

"ಬೇರೆಯವರ ಪಾತ್ರೆ ಇಟ್ಕೊಂಡಿರೋದು ಚೆನ್ನಾಗಿರಲ್ಲ ಅಕ್ಕ. ಬರಿದು ಕೊಡಬಾರದು ಅಂತ ಬೆಲ್ಲ ಹಾಕಿದೀನಿ."

"ಬೆಲ್ಲ ಹಾಳಾಗ್ಲಿ. ಹುಷಾರಾದ್ಯಾ?"

"ಆಗ್ತೀನಿ. ಶನಿವಾರ."

"ಶನಿವಾರ ಏನು?"

ಚಿಕ್ಕತಾಯಿ ನನ್ನ ಹಿಡಿಯನ್ನೇ ಬೆರಳಲ್ಲಿ ಸವರುತ್ತ ನಿಂತಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. ಫ್ಯಾಕ್ಟರಿಯ ಎದುರಿನ ನರ್ಸಿಂಗ್ ಹೋಮಿನವರು ಶನಿವಾರ ಗರ್ಭಕೋಶ ತೆಗೆಯುತ್ತಾರೆ. ವಿಮೆಯ ಕಾರ್ಡಿನಲ್ಲೇ ಆಗುತ್ತದಂತೆ. ಹೊಟ್ಟೆ ಒತ್ತಿ ನೋಡಿ, ಎರಡು ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ ಎಂದರಂತೆ. ಲೈನ್ ಸೂಪರ್‌ವೈಸರ್ ಕೂಡ, 'ಒಂದ್ಸಲ ತೆಗೆಸ್ಕೊ, ತಿಂಗಳಾ ತಿಂಗಳಾ ನಿನ್ ನಾಟ್ಕ ತಪ್ಪುತ್ತೆ' ಎಂದು ನಕ್ಕನಂತೆ.

"ಇನ್ನೇನಕ್ಕೆ ಅಕ್ಕ ಅದು? ಇರೋವರ್ಗೂ ನೋವೇ. ಚೀಲ ಹರಿದ್ರೆ ಬಿಸಾಕಲ್ವಾ?"

ಜುಬೇದಾ ಸೂಜಿ ಇದ್ದ ಕಾಲನ್ನೂ ಮರೆತು ಎದ್ದು ಕೂತಳು. "ಆ ಸೂಪರ್‌ವೈಸರ್ ಬಾಯಿ ದಿನಾ ನೋಯಿಸುತ್ತಲ್ಲ, ಮೊದ್ಲು ಅದನ್ನ ತೆಗೆಸು ಹೋಗು!"

"ಜುಬೇದಾ, ಅಲ್ಲಾಡಬೇಡ" ಎಂದು ಲಿಯೆನಕ್ಕ ಚಿಕ್ಕತಾಯಿಯ ಮುಂದೆ ಕೂತಳು. "ನೋಡು, ತೆಗೀಲೇಬೇಕಾದ ಕಾಯಿಲೆನೂ ಇರುತ್ತೆ. ಹಾಗಿದ್ರೆ ನಾನೇ ಕರ್ಕೊಂಡು ಹೋಗಿ ಸೇರಿಸ್ತೀನಿ. ಆದ್ರೆ ಸ್ಕ್ಯಾನ್ ಮಾಡಿದ್ರಾ?"

"ಇಲ್ಲ."

"ಕಟಿಂಗ್ ಸೆಕ್ಷನ್ನಲ್ಲಿ ಬಟ್ಟೆ ಕತ್ತರಿಸೋಕೆ ಮುಂಚೆ ಅಳತೆ ನೋಡ್ತಾರಾ ಇಲ್ವಾ?"

ಚಿಕ್ಕತಾಯಿ ತಲೆಯಾಡಿಸಿದಳು.

"ಬಟ್ಟೆಗೆ ಇರೋ ಮರ್ಯಾದೆ ನಿನಗಿಲ್ವೇನೆ?"

ಆಗ ಅವಳು ಅತ್ತಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೆದರಿಕೆ ಆಗಿದ್ದದ್ದನ್ನು ತನಗೆ ತಾನೇ ಹೇಳಿಕೊಂಡಿರಲಿಲ್ಲ. ನನ್ನನ್ನು ವಾಪಸ್ ಕೊಡುವ ನೆವದಲ್ಲಿ, ಯಾರಾದರೂ ತಡೆಯಲಿ ಎಂದೇ ಬಂದಿದ್ದಳೋ ಏನೋ. ನನಗೆ ಹಾಗನ್ನಿಸುತ್ತದೆ.

ಶುಕ್ರವಾರ ಬೆಳಗ್ಗೆ ಮೂವರೂ ಕೆಲಸಕ್ಕೆ ಚಕ್ಕರ್ ಹೊಡೆದು ಬಸ್ಸು ಹತ್ತಿದರು. ನಾನು ಬೆಲ್ಲವನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೇಜಿನ ಮೇಲೆ ಕಾದೆ. ಹತ್ತು ಗಂಟೆಗೆ ಒಂದು ಇರುವೆ ಬಂತು. ಮಧ್ಯಾಹ್ನಕ್ಕೆ ಸಾಲು ಹತ್ತಿತು. ನಾನು ಎಷ್ಟೋ ಹೆಂಗಸರಿಗೆ ಕುದ್ದಿದ್ದೇನೆ, ಯಾರಿಗೂ ಹೀಗೆ ಕಾದಿರಲಿಲ್ಲ. ನಾಳೆ ಈ ಹೊತ್ತಿಗೆ ಚಿಕ್ಕತಾಯಿಯ ಹೊಟ್ಟೆ ಸೀಳಿರುತ್ತಾರೋ ಇಲ್ಲವೋ, ಅದೊಂದೇ ಯೋಚನೆ.

ನಾಲ್ಕೂವರೆಗೆ ಓಣಿಯ ತುದಿಯಿಂದ ನಗು ಕೇಳಿಸಿತು. ಜುಬೇದಾಳ ನಗು. ನನ್ನ ಮಣ್ಣಿನ ಮೈ ಸಡಿಲವಾಯಿತು.

ಆಸ್ಪತ್ರೆಯ ಕಥೆಯನ್ನು ಜುಬೇದಾ ಅಭಿನಯಿಸಿಯೇ ತೋರಿಸಿದಳು. ಅಲ್ಲಿಯ ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಒಂದು ಅವರೆಕಾಳಿನಷ್ಟು ಗಡ್ಡೆ ಇದೆ, ಅದು ತನ್ನ ಪಾಡಿಗೆ ಇರಲಿ, ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು ಎಂದರಂತೆ. ಮೂತ್ರದಲ್ಲಿ ಮಾತ್ರ ಜೋರು ಸೋಂಕು. ಹೊಟ್ಟೆ ನೋಯಿಸುತ್ತಿದ್ದದ್ದು ಅದೇ.

"'ಇದಕ್ಕೆ ಗರ್ಭಕೋಶ ತೆಗೀತಾರಾ? ಯಾವನಮ್ಮ ಹೇಳಿದ್ದು?' ಅಂದ್ರು. 'ದಿನಕ್ಕೆ ಎಷ್ಟು ನೀರು ಕುಡೀತೀಯ?' ಅಂದ್ರು. ಇವಳು, 'ಎರಡು ಲೋಟ' ಅಂದ್ಲು. 'ಯಾಕೆ?' ಅಂದ್ರೆ ಬಾಯೇ ಬಿಡ್ತಿಲ್ಲ. ನಾನೇ ಹೇಳಿದೆ, 'ಮೂವತ್ತೆಂಟು ಜನಕ್ಕೆ ಟಾಯ್ಲೆಟ್ಟಿಗೆ ಹೋಗೋಕೆ ಒಂದೇ ಟೋಕನ್ ಮೇಡಂ. ಅದು ಸೂಪರ್‌ವೈಸರ್ ಮೇಜಿನ ಮೊಳೆಲಿರುತ್ತೆ. ಕೇಳಿದ್ರೆ ಮೇಲಿಂದ ಕೆಳಗೆ ನೋಡ್ತಾನೆ. ಅದಕ್ಕೇ ನಾವ್ಯಾರೂ ನೀರೇ ಕುಡಿಯಲ್ಲ' ಅಂತ. ಪೆನ್ನು ಕೆಳಗಿಟ್ಬಿಟ್ರು."

ಆಮೇಲೆ ಪೆನ್ನು ಎತ್ತಿ ಚೀಟಿಯಲ್ಲಿ ಮಾತ್ರೆಗಳ ಹೆಸರು ಬರೆದು, ಅದರ ಕೆಳಗೆ ಕನ್ನಡದಲ್ಲಿ ದೊಡ್ಡದಾಗಿ ಬರೆದರಂತೆ: ದಿನಕ್ಕೆ ಹತ್ತು ಲೋಟ ನೀರು. ಅವಸರವಾದ ತಕ್ಷಣ ಶೌಚಾಲಯ. ಸಹಿ, ಮೊಹರು.

ಚಿಕ್ಕತಾಯಿ ಆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ನನ್ನದು ನನ್ನ ಹತ್ರನೇ ಇರುತ್ತೆ ಅಕ್ಕ" ಎಂದಳು. ಮತ್ತೆ ಅದನ್ನೇ ಹೇಳಿದಳು. ಲಿಯೆನಕ್ಕ ಇರುವೆ ಕೊಡವಿ ಬೆಲ್ಲವನ್ನು ಮೂರು ಚೂರು ಮಾಡಿದಳು. ತಿಂದಾದ ಮೇಲೆ ನನ್ನನ್ನು ಚಿಕ್ಕತಾಯಿಯ ಕಂಕುಳಿಗೆ ತುರುಕಿ, "ಎತ್ಕೊಂಡು ನಡಿ. ಇನ್ನೊಬ್ರು ಕೇಳೋವರ್ಗೂ ನಿನ್ ಮನೆಲೇ ಇರ್ಲಿ" ಎಂದಳು.

ಶನಿವಾರ ನರ್ಸಿಂಗ್ ಹೋಮಿನ ಒಂದು ಹಾಸಿಗೆ ಖಾಲಿ ಉಳಿಯಿತು. ಮಾತ್ರೆ ಮುಗಿಯುವ ಹೊತ್ತಿಗೆ ಚಿಕ್ಕತಾಯಿಯ ಉರಿ ಹೋಗಿತ್ತು. ಸೊಂಟದ ನೋವಿಗೆ ಸೂಜಿಯೂ ನಾನೂ ಇದ್ದೆವು.

ವಠಾರದ ಹೆಂಗಸರದ್ದೊಂದು ಓದುಕೂಟವಿತ್ತು. ಭಾನುವಾರ ಮಧ್ಯಾಹ್ನ ಒಬ್ಬಳು ಓದುವುದು, ಉಳಿದವರು ಸೊಪ್ಪು ಬಿಡಿಸುತ್ತ ಕೇಳುವುದು. ಆ ಶನಿವಾರದ ಮರುದಿನ ಪುಸ್ತಕ ಮುಚ್ಚಿಟ್ಟು ಡಾಕ್ಟರಮ್ಮನ ಚೀಟಿ ಓದಿದರು. ಕೇಳಿದವರಲ್ಲಿ ಹನ್ನೊಂದು ಮಂದಿ ತಮಗೂ ಉರಿ ಇದೆ ಎಂದರು. ಇಬ್ಬರ ಗರ್ಭಕೋಶ ಆಗಲೇ ಹೋಗಿತ್ತು. ಆ ಇಬ್ಬರೂ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು.

ಸೋಮವಾರ ಬೆಳಗ್ಗೆ ಅವರು ನನ್ನನ್ನೂ ಕರೆದೊಯ್ದರು. ನನ್ನ ಹೊಟ್ಟೆಯಲ್ಲಿ ಹಿಂದಿನ ದಿನದ ಚರಟವಿತ್ತು. ಅದನ್ನು ದಾರಿಗೆ ಸುರಿಯಬೇಕಲ್ಲ. ಫ್ಯಾಕ್ಟರಿಯ ಗೇಟಿನ ಮುಂದೆಯೇ ಸುರಿದರು.

"ಕಾಯಿಲೆ ಬಂದಿದ್ದು ಇಲ್ಲಿಂದ, ಇಲ್ಲೇ ಇರ್ಲಿ" ಎಂದಳು ಜುಬೇದಾ. ಕಾರಿನಿಂದಿಳಿದ ಮ್ಯಾನೇಜರ್ ಅದನ್ನು ತುಳಿದುಕೊಂಡೇ ಒಳಗೆ ಹೋದ.

ನನ್ನನ್ನು ಗೇಟಿನ ಪಕ್ಕದ ಚಹಾದಂಗಡಿಯಲ್ಲಿ ಇರಿಸಿ ಅವರೂ ಹೋದರು. ಎಲ್ಲರ ಕೈಯಲ್ಲೂ ತುಂಬಿದ ನೀರಿನ ಬಾಟಲಿ. ಹತ್ತು ಗಂಟೆಯೊಳಗೆ ಕುಡಿದು ಮುಗಿಸಿದರಂತೆ. ಹನ್ನೊಂದಕ್ಕೆ ಮೂವತ್ತೆಂಟು ಮೆಷಿನ್ನೂ ನಿಂತವಂತೆ, ಮೂವತ್ತೆಂಟು ಹೆಂಗಸರೂ ಎದ್ದರಂತೆ. ಚಿಕ್ಕತಾಯಿ ಮೊಳೆಯಿಂದ ಟೋಕನ್ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಡೆದಳಂತೆ. ಒಂದು ಟೋಕನ್ನಿನ ಹಿಂದೆ ಇಡೀ ಲೈನು.

ಸಂಜೆ ಗೇಟಿನಲ್ಲಿ ಸೂಪರ್‌ವೈಸರ್ ಅವಳನ್ನು ತಡೆದದ್ದನ್ನು ನಾನೇ ಕಂಡೆ. "ಏಯ್, ಟೋಕನ್ ವಾಪಸ್ ಕೊಡು."

"ಕೊಡಬಾರದು ಸಾರ್" ಎಂದಳು ಚಿಕ್ಕತಾಯಿ, ಬಹಳ ಮರ್ಯಾದೆಯಿಂದ. "ವಾಪಸ್ ಕೊಟ್ರೆ ಕಾಯಿಲೆ ವಾಪಸ್ ಬರುತ್ತೆ."

ಆರು ದಿನ ಮೆಮೋ, ಬೆದರಿಕೆ, ಡಾಕ್ಟರಮ್ಮನ ಚೀಟಿಯ ನಕಲು ಹಿಡಿದು ಆಫೀಸಿಗೆ ಓಡಾಟ. ಏಳನೇ ದಿನ ಮೊಳೆ ಕಿತ್ತರು. ಹೊಸ ಟೋಕನ್ ಬರಲಿಲ್ಲ, ಬೇಕಾದಾಗ ಎದ್ದು ಹೋಗಬಹುದಾಯಿತು. ಗಂಟೆಗಿಷ್ಟು ಹೊಲಿಯಬೇಕೆಂಬ ಗುರಿ ಇಳಿಯಲಿಲ್ಲ, ಬೈಗುಳವೂ ನಿಲ್ಲಲಿಲ್ಲ. ಅವಕ್ಕೆ ಬೇರೆ ಸೋಮವಾರಗಳು ಬೇಕು. ಆದರೆ ಮೂವತ್ತೆಂಟು ಬಾಟಲಿಗಳು ಮಾತ್ರ ಮೆಷಿನ್ನಿನ ಪಕ್ಕದಲ್ಲಿ ನಿಂತವು.

ನನಗೀಗ ಮುಪ್ಪು. ಬಿಸಿ ಇದ್ದಾಗಲೇ ಜುಬೇದಾ ತಣ್ಣೀರು ಹುಯ್ದಳು, ನನ್ನ ಬೆನ್ನು ಸೀಳಿತು. "ಅಯ್ಯೋ, ಚೀನಾ ಮಾಲು" ಎಂದು ಅವಳೇ ನಕ್ಕು, ಅವಳೇ ಅತ್ತಳು. ಕಷಾಯಕ್ಕೆ ಲಿಯೆನಕ್ಕ ಊರಿನ ಕುಂಬಾರ್ತಿಯಿಂದ ಹೊಸ ಮಡಕೆ ತಂದಿದ್ದಾಳೆ. ಕಟ್ಟಳೆ ಅದೇ.

ನಾನು ಓದುಕೂಟದ ಕೋಣೆಯ ಕಿಟಕಿಯಲ್ಲಿದ್ದೇನೆ. ಪಾತ್ರೆ ಬರಿದಾಗಿರಬಾರದು ಎಂದು ಚಿಕ್ಕತಾಯಿ ಆ ಕೆಂಪು ಪ್ಲಾಸ್ಟಿಕ್ ಟೋಕನ್ನನ್ನು ನನ್ನ ಹೊಟ್ಟೆಗೆ ಹಾಕಿದ್ದಾಳೆ. ಯುದ್ಧದ ವರ್ಷ ಯಾರೂ ಕೇಳಿ ಬರದಿದ್ದಾಗ ಎದೆಯೊಡೆದು ಕೂತಿದ್ದೆ. ಈಗ ಯಾರೂ ಕೇಳಿ ಬರದಿದ್ದರೂ ಹಾಯಾಗಿದ್ದೇನೆ. ಕೆಲಸವಿಲ್ಲದೆ ಕೂತ ಔಷಧಿ ಮಡಕೆಗಿಂತ ಸುಖಿ ಯಾರು?

ಭಾನುವಾರ ಚಿಕ್ಕತಾಯಿ ಬಂದು ನನ್ನ ಧೂಳು ಒರೆಸುತ್ತಾಳೆ, ಬಾಟಲಿ ಎತ್ತಿ ಗಟಗಟ ನೀರು ಕುಡಿಯುತ್ತಾಳೆ, ಕೂತು ಓದು ಕೇಳುತ್ತಾಳೆ. ಓದು ಅರ್ಧವಾಗಿರುವಾಗ ಎದ್ದು, ಯಾರನ್ನೂ ಕೇಳದೆ, ಯಾರ ಮುಖವನ್ನೂ ನೋಡದೆ ಹಿಂದಿನ ಬಚ್ಚಲ ಕಡೆ ಹೋಗುತ್ತಾಳೆ. ಕೈ ಒರೆಸಿಕೊಳ್ಳುತ್ತ ಬಂದು, "ಎಲ್ಲಿಗೆ ಬಂತು?" ಎಂದು ಪಕ್ಕದವಳನ್ನು ಕೇಳಿ ಕೂರುತ್ತಾಳೆ.