ಮಲಗಿದ ಗೆರೆ

ಪರದೆಯ ಮೇಲೆ ಕೆಂಪು ಗೆರೆ ಮಲಗಿದೆ, ಚಾಪೆಯ ಅಂಚಿನಂತೆ ನೆಟ್ಟಗೆ, ಮಲಗಬಾರದಿತ್ತು — ಅಣೆಕಟ್ಟೆಯ ಬುಡದಲ್ಲಿ ನಿಮಿಷಕ್ಕೆ ಜಿನುಗುವ ನೀರು ನಾಲ್ಕು ಲೀಟರು, ಐದು, ಏಳು, ಈ ಬೆಳಗ್ಗೆ ಹನ್ನೊಂದು, ಅಳೆದವಳು ಅವಳೇ, ನಾಲ್ಕು ಹನ್ನೊಂದಾದರೆ ಗೆರೆ ಏಳಲೇಬೇಕು, ಲೆಕ್ಕಕ್ಕೆ ದಾಕ್ಷಿಣ್ಯವಿಲ್ಲ. ಗ್ರಾಫಿನ ಎರಡು ಚೌಕಟ್ಟುಗಳಲ್ಲಿ ಅದಿರಬೇಕಾದ ಕೆಳಗಿನದು ಖಾಲಿ, ಯಾರೋ ಒರೆಸಿದ ಹಾಗೆ. ಯಾರು? ಬಾಗಿಲ ಬಳಿ ಹಿರಿಯ ಎಂಜಿನಿಯರು ಚಹಾ ಹೀರುತ್ತ ನಿಂತಿದ್ದಾರೆ, ನಿಮ್ಮ ಗೆರೆ ಗೊರಕೆ ಹೊಡೀತಿದೆಯಲ್ಲಮ್ಮಾ, ಅದಕ್ಕಿಲ್ಲದ ಗಾಬರಿ ನಿಮಗ್ಯಾಕೆ, ಕೆಳಗಿನ ಬೀದಿಯವರನ್ನ ಸುಮ್ಮನೆ ಎಬ್ಬಿಸಬೇಕಾ — ನಗು, ನಿನ್ನೆ ಇದೇ ಕುರ್ಚಿಯಲ್ಲಿ ಕುಳಿತಿದ್ದರು, ಯಾಕೆ ಕುಳಿತಿದ್ದರು? ಅಣೆಕಟ್ಟೆಯ ಕೆಳಗಿನ ಬೀದಿಯಲ್ಲಿ ಅಕ್ಕನ ಮನೆ, ಬಾಣಂತಿ ಅಕ್ಕ, ಗ್ರಾಫ್ ನೋಡದೆ ಮೇಲಿನವರು ಬೀದಿ ಖಾಲಿ ಮಾಡಿಸುವುದಿಲ್ಲ, ಮಲಗಿದ ಕೆಂಪು ಗೆರೆಯನ್ನು ನೋಡಿ ಅವರೂ ಮಲಗುತ್ತಾರೆ. ಒರೆಸಿದ್ದು ಎಂಜಿನಿಯರಲ್ಲದಿದ್ದರೆ ಈ ಗ್ರಾಫ್ ಬಿಡಿಸುವ ಲೈಬ್ರರಿಯೇ, ಕಂಪ್ಯೂಟರಿನೊಳಗಿನ ಸಿದ್ಧ ಕೋಡಿನ ಕಂತೆಯೇ — ಅದರ ಕೈಪಿಡಿಯನ್ನೂ ನಂಬುವಂತಿಲ್ಲ, ಅಕ್ಷ ಎಂದರೆ ಒಂದು ಗೀಟು, ಅಕ್ಷಗಳು ಎಂದರೆ ಎರಡು ಗೀಟಲ್ಲ, ಇಡೀ ಚೌಕಟ್ಟು, ಇದ್ಯಾವ ಊರಿನ ವ್ಯಾಕರಣ, ಒಂದೇ ಕೆಲಸಕ್ಕೆ ಈ ಪುಟದಲ್ಲೊಂದು ದಾರಿ, ಆ ಪುಟದಲ್ಲಿನ್ನೊಂದು, ಎರಡರ ಮುಂದೆಯೂ ಸುಲಭ ಎಂಬ ಮಾತು, ಎರಡು ನಾಲಿಗೆಯವರ ಜೊತೆ ಅವಳು ಬಾಳುವೆ ಮಾಡಿಲ್ಲವೇ, ಅತ್ತೆ ಯಾರ ಹೆಸರನ್ನೂ ಹಿಡಿಯದೆ ಗೋಡೆಗೆ ಹೇಳುವರು, ನೀರು ತಂದಿಡಿ, ಕಿಟಕಿ ಮುಚ್ಚಿ, ಕೊನೆಗೆ ಕಣ್ಣಿಗೆ ಬಿದ್ದವರು ಏಳಬೇಕು, ನಿನಗೇ ಹೇಳಿದ್ದು ಕಣೇ, ಕಿವಿ ಅಡವಿಟ್ಟಿದ್ದೀಯಾ — ಕೊನೆಗೆ ಬಿದ್ದವರು, ಕೊನೆಗೆ ಮುಟ್ಟಿದ್ದು, ಅಯ್ಯೋ. ಕೈಪಿಡಿಯ ಪುಟದ ತಳದಲ್ಲಿ ಇರುವೆಯಂಥ ಅಕ್ಷರ: ಚೌಕಟ್ಟಿನ ಹೆಸರು ಹೇಳದಿದ್ದರೆ ಗೆರೆಯು ಕೊನೆಗೆ ಮುಟ್ಟಿದ ಚೌಕಟ್ಟಿಗೆ ಹೋಗುತ್ತದೆ. ಅವಳು ಹೇಳಿರಲಿಲ್ಲ, ತಲೆಬರಹಕ್ಕೆಂದು ಕೊನೆಗೆ ಮುಟ್ಟಿದ್ದು ಮೇಲಿನದನ್ನು, ಜಲಾಶಯದ ಮಟ್ಟದ್ದನ್ನು, ಅಲ್ಲಿ ಅಳತೆ ಐನೂರರವರೆಗೆ, ಐನೂರರೆದುರು ನಾಲ್ಕೂ ಒಂದೇ ಹನ್ನೊಂದೂ ಒಂದೇ, ಕುರ್ಚಿಯಲ್ಲಿ ಕುಳಿತವರ ತಪ್ಪಲ್ಲ — ಅಲ್ಲವೇ? ಅಲ್ಲ. ಕೆಳಗಿನ ಚೌಕಟ್ಟಿನ ಹೆಸರು ಬರೆದಳು, ಕೀಲಿ ಒತ್ತಿದಳು, ಗೆರೆ ತನ್ನ ಚೌಕಟ್ಟಿಗೆ ಇಳಿದು ಬಂತು. ಬಾಗಿಲ ಬಳಿಯ ನಗು ನಿಂತಿತು, ತಡೀರಮ್ಮಾ, ಇದೂ ಆ ಲೈಬ್ರರಿಯ ಎಡವಟ್ಟೇ ಇರಬೇಕು, ಇನ್ನೊಂದ್ಸಲ ನೋಡಿ, ನೋಡಿದ್ದೀನಿ ಸಾರ್, ಮೇಲಿನವರಿಗೆ ಫೋನ್ ಮಾಡಿ, ಈಗಲೇ ಮಾಡಿ — ಅವಳೂ ಯಾರನ್ನಾದರೂ ಸಂಶಯಿಸಬೇಕೆಂದು ಹುಡುಕಿದಳು, ಕೈಪಿಡಿಯನ್ನು, ಅಳತೆಯ ಪಾತ್ರೆಯನ್ನು, ತನ್ನ ಕಣ್ಣನ್ನು, ಯಾರೂ ಉಳಿದಿರಲಿಲ್ಲ, ಕಿವಿಯಲ್ಲಿ ಅಕ್ಕನ ಫೋನು ರಿಂಗಾಗುತ್ತಿದೆ, ಎತ್ತೇ ಅಕ್ಕಾ, ಮಗು ಮಲಗಿದೆಯೆಂದು ಸದ್ದು ಅಡಗಿಸಿಟ್ಟಿದ್ದಾಳೋ ಏನೋ, ಎತ್ತೇ, ಎದುರಿಗೆ ಎದ್ದು ನಿಂತ ಕೆಂಪು ಗೆರೆ, ರಿಂಗಾಗುತ್ತಿದೆ, ಕೆಂಪು ಗೆರೆ, ಕೆಂಪು ಗೆರೆ