ಕಮಾಂಡರನ ಮುಷ್ಟಿ

ಮತ್ತೆ ಬೆಳ್ಳಿ ಅಂಗಿ, ಇದು ಮೂವತ್ತನೆಯದೋ ನಲವತ್ತನೆಯದೋ, ಹಸ್ತಪ್ರತಿಯಲ್ಲಿ ಚನ್ನಮಲ್ಲಪ್ಪ ಮೇಷ್ಟ್ರ ಕೆಂಪು ಪೆನ್ನು ಇದರ ಕೆಳಗೂ ಗೆರೆ ಎಳೆಯಿತು — ಲೋಕ ಮುಳುಗಿ ಎಪ್ಪತ್ತು ವರ್ಷವಾಗಿದೆಯಂತೆ, ಒಂದು ಹಿಡಿ ರಾಗಿ ಬೆಳೆಯುವವರಿಲ್ಲ, ಬೆಳ್ಳಿ ಅಂಗಿ ಹೊಲಿಯುವ ದರ್ಜಿ ಮಾತ್ರ ಎಲ್ಲೋ ಬದುಕಿ ಉಳಿದಿದ್ದಾನೆ, ಪುಣ್ಯಾತ್ಮ. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇದನ್ನು ಬರೆದ ಮಹಾತಾಯಿ, ದಿವ್ಯಶ್ರೀ, ಇದೇ ಪುನರ್ವಸತಿ ಕಾಲೊನಿಯ ಮೂರನೇ ಸಾಲಿನ ಹುಡುಗಿ, ಸೆಕೆಂಡ್ ಪಿಯುಸಿ, ಸೋಮವಾರಪೇಟೆಯಲ್ಲಿ ಓದುಗರ ಬಳಗದವರು ಎಳೆಯರ ಕಾದಂಬರಿಯೊಂದನ್ನು ಅಚ್ಚು ಹಾಕಿಸುತ್ತಾರಂತೆ, ಮೇಷ್ಟ್ರ ಸಹಿ ಇದ್ದರೆ ಮಾತ್ರ ತಗೋತೀವಿ ಅಂದರಂತೆ, ಇವತ್ತೇ ಕಡೇ ದಿನ ಸರ್, ಮಧ್ಯಾಹ್ನದ ಬಸ್ಸಿಗೆ ಹೋಗಬೇಕು. ಹೋಗು ತಾಯಿ, ಯಾರು ಬೇಡ ಅಂದರು. ಇಡೀ ಆಯುಷ್ಯ ಮಕ್ಕಳಿಗೆ ಕನ್ನಡ ಕಲಿಸಿದ್ದಕ್ಕೆ ಶಿವ ಕೊಟ್ಟ ಪ್ರಸಾದ ಇದು, ನಾಯಕಿಯ ಹೆಸರು ಝೋರಾ, ಮಡಿಕೇರಿ ಗುಡ್ಡದ ಹೊಟ್ಟೆಯೊಳಗೆ ಬಂಕರು, ಊಟಕ್ಕೆ ಮಾತ್ರೆ, ನೂರು ಪುಟದಲ್ಲಿ ಒಬ್ಬನಾದರೂ ಇನ್ನೊಬ್ಬನನ್ನು ಉಂಡೆಯಾ ಎಂದು ಕೇಳುವುದಿಲ್ಲ, ಒಂದು ದೀಪ ಹಚ್ಚುವುದಿಲ್ಲ, ಲೋಕ ಮುಳುಗುವುದೆಂದರೆ ಏನೆಂದುಕೊಂಡಿದ್ದಾಳೆ — ಆಗ ಸೈರನ್ ಕೂಗುವುದಿಲ್ಲ, ಆ ಮಳೆಗಾಲ ತಾವು ಡೈರಿಯಲ್ಲಿ ಹಾಲು ಹಾಕಲು ನಿಂತಿರುವಾಗ ಲಾರಿಯಿಂದ ಜಲ್ಲಿ ಸುರಿದ ಹಾಗೆ ಒಂದು ಸದ್ದು, ಓಡಿ ಬಂದರೆ ಗುಡ್ಡವಿಲ್ಲ, ಮನೆಯಿಲ್ಲ, ಒಳಗಿದ್ದ ಹೆಂಡತಿ ಸುಮಿತ್ರಮ್ಮ ಇಲ್ಲ, ನಾಲ್ಕು ದಿನ ಜೇಸಿಬಿ ಕೆಸರು ಕೆದಕಿತು, ಅಷ್ಟೇ, ಅದಕ್ಕೆ ಲೇಸರ್ ಬಂದೂಕು ಬೇಕಾಗಲಿಲ್ಲ. ಪುಟ ತಿರುಗಿಸುತ್ತಾರೆ, ಇದಕ್ಕೆ ಬೆರಳು ಎಂಜಲು ಮಾಡಿಕೊಳ್ಳುವುದೂ ದಂಡ ಅನ್ನುವಂತೆ — ನೂರಾ ಹನ್ನೆರಡು, ಬಂಕರಿನ ಕಾನೂನು, ಹುಟ್ಟಿದಾಗ ಕೊರಳಿಗೆ ಕಟ್ಟಿದ ಬೆಳಕಿನ ಗುಂಡು ಸತ್ತಾಗ ಎಡ ಅಂಗೈಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಮುಕ್ತಿಯ ಬಾಗಿಲು ತೆರೆಯದು — ಓಹೋ, ನಮ್ಮ ಇಷ್ಟಲಿಂಗಕ್ಕೆ ಬ್ಯಾಟರಿ ಹಾಕಿದ್ದಾಳೆ, ಕೂರಿಸಿ ಮಣ್ಣು ಮಾಡುವ ಕ್ರಮವನ್ನೂ ಬಿಟ್ಟಿಲ್ಲ, ಎಳಿ ಒಂದು ಕೆಂಪು ಗೆರೆ, ಇನ್ನೊಂದು — ಮುದಿ ಕಮಾಂಡರನ ಹೆಂಡತಿಯ ಗುಂಡು ಕೆಸರಲ್ಲಿ ಕಳೆದುಹೋಗಿದೆ, ಕಾವಲಿನವನು ಹೊರಗಿನಿಂದ ಕೇಳುತ್ತಾನೆ ಕೈಯಲ್ಲಿ ಇದೆಯಾ, ಕಮಾಂಡರ್ ಅವಳ ಖಾಲಿ ಅಂಗೈಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾನೆ, ಹೆಬ್ಬೆರಳು ಕೊನೆಗೆ, ಇದೆ ಅನ್ನುತ್ತಾನೆ, ನೀರಿನ ಬಿಂದಿಗೆ ಹಿಡಿದು ನಿಂತ ಪುಟ್ಟ ಝೋರಾ ನೋಡುತ್ತಿದ್ದಾಳೆ.

ಪೆನ್ನು ನಿಂತಿತು. ಶಿವನೇ, ಅವತ್ತು ಸುಮಿತ್ರಮ್ಮನ ಮೈ ತೊಳೆಯಲು ನೀರು ತಂದದ್ದು ಯಾರು, ಒಂದು ಸಣ್ಣ ಹುಡುಗಿ, ಎರಡು ಜಡೆ, ಮುಖ ಯಾರು ನೋಡಿದರು — ಸ್ವಾಮಿಗಳು ಟಾರ್ಪಾಲಿನ ಆಚೆ ನಿಂತು ಲಿಂಗ ಕೈಯಲ್ಲಿ ಇದೆಯೇ ಮೇಷ್ಟ್ರೇ ಎಂದಿದ್ದರು, ಇಲ್ಲ ಎಂದಿದ್ದರೆ ಮಠದಿಂದ ಬೇರೆ ತರಬೇಕು, ರಸ್ತೆ ಕುಸಿದಿತ್ತು, ಬೇಗ ಮುಗಿಸಿ ಅನ್ನುತ್ತಿದ್ದರು ಅಧಿಕಾರಿಗಳು, ನಾಲ್ಕು ದಿನದ ಒಡಲು, ಇದೆ ಎಂದರು ಇವರು, ಅಲ್ಲಿಗೇ ಬಿಟ್ಟರೆ? ಬಿಡಲಿಲ್ಲ, ಸಾಂತ್ವನ ಹೇಳಲು ಬಂದವರಿಗೆಲ್ಲ ಬೆಳೆಸಿ ಹೇಳಿದರು, ಮೈಯೆಲ್ಲ ಕೆಸರು, ಮುಷ್ಟಿಯೊಳಗಿನ ಲಿಂಗಕ್ಕೆ ಒಂದು ಚುಕ್ಕೆ ಮಣ್ಣು ಅಂಟಿರಲಿಲ್ಲ, ಜನ ಕೈಮುಗಿದರು, ಸ್ವಾಮಿಗಳೂ ಪ್ರವಚನದಲ್ಲಿ ಅದನ್ನೇ ಎತ್ತಿ ಹೇಳಿದರು, ಏಳು ವರ್ಷದಿಂದ ಊರು ಅದನ್ನು ನಂಬಿಕೊಂಡು ಬದುಕಿದೆ — ಥೂ, ಕತೆ ಕಟ್ಟಲು ಬರುವುದಿಲ್ಲವೆಂದು ಈ ಹುಡುಗಿಗೆ ಕೆಂಪು ಗೆರೆ ಎಳೆಯುತ್ತ ಕೂತ ದೊಡ್ಡ ಕತೆಗಾರ. ಇದು ಅಚ್ಚಾದರೆ ಎಲ್ಲರೂ ಓದುತ್ತಾರೆ. ಕೇಳಿದರು, ದನಿಯಲ್ಲಿ ಹಳೆಯ ಕೊಂಕು ತರಲು ನೋಡಿದರು, ಈ ಕಮಾಂಡರ್ ಒಳ್ಳೇ ಮೋಸಗಾರ ಅಲ್ವೇನೇ ಮಗಾ. ಅವಳು ಚಪ್ಪಲಿಯಿಲ್ಲದ ತನ್ನ ಪಾದ ನೋಡಿಕೊಂಡಳು. ಮೋಸಗಾರ ಅಲ್ಲ ಸರ್, ಹೆದರಿದ್ದ ಪಾಪ. ಆಮೇಲೆ, ಇನ್ನೂ ಸಣ್ಣಗೆ, ಆ ಪುಟ ಬೇಡ ಅಂದ್ರೆ ಕಿತ್ತಾಕ್ತೀನಿ ಸರ್, ನಾನು ಯಾರ ಹತ್ರಾನೂ ಹೇಳಿಲ್ಲ. ಪಾಪ ಅಂತೆ, ಕರುಣೆ, ಇಷ್ಟುದ್ದದ ಹುಡುಗಿಯಿಂದ, ಏಳು ವರ್ಷ ಬಾಯಿ ಕಟ್ಟಿಕೊಂಡು ಇದೇ ಮೇಷ್ಟ್ರಿಗೆ ದಿನಾ ನಮಸ್ಕಾರ ಹೇಳಿದವಳಿಂದ — ಕಿತ್ತುಹಾಕು ಎಂಬ ಮಾತು ನಾಲಿಗೆಯ ತುದಿಗೆ ಬಂತು, ಕಹಿಯಾಗಿ ಅಲ್ಲೇ ಕೂತಿತು, ಅವರು ಸಹಿ ಹಾಕಿದರು, ಮೇಲೆ ಬರೆದರು ನೂರಾ ಹನ್ನೆರಡನೆಯ ಪುಟ ಇರಲಿ, ಅವಳು ಓದಿದಳು, ಕಾಲಿಗೆ ಬಿದ್ದು ಬಸ್ಸಿಗೆ ಓಡಿದಳು, ಇನ್ನು ಸ್ವಾಮಿಗಳಿಗೆ ಏನು ಹೇಳುವುದು, ಮೊದಲು ತಾವೇ ಹೋಗಿ ಹೇಳಬೇಕು, ನಾಳೆಯೇ, ಹೇಗೆ ಶುರುಮಾಡುವುದು, ಬುದ್ದೀ, ಅವತ್ತು ನೀವು ಕೇಳಿದಾಗ — ತಣ್ಣಗಿನ ಬೆರಳು, ಒಂದೊಂದಾಗಿ, ಉಗುರಲ್ಲಿ ಮಣ್ಣು, ಬುದ್ದೀ, ಅವತ್ತು — ಒಂದೊಂದಾಗಿ, ಹೆಬ್ಬೆರಳು ಕೊನೆಗೆ, ಒಳಗೆ ಏನೂ ಇಲ್ಲ.